ಮಿಸುಕಾಟದ ಮಾತುಗಳು

ಇಂಗ್ಲಿಷು ಕಲಿತವರಾದ ನಾವು ‘ಫಿಜೆಟ್’ ಎಂಬ ಮಾತನ್ನು ಅನೇಕ ಸಲ ಓದಿರುತ್ತೇವೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಯಾರಾದರೂ ಕೇಳಿದರೆ ‘ಚಡಪಡಿಸು’ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಹೇಳಿದ ಮೇಲೆ ನಮಗೇ ಸ್ವಲ್ಪ ಅನುಮಾನ. ನೀರಿನಿಂದ ಹೊರಗೆ ತೆಗೆದ ಮೀನು ಚಡಪಡಿಸುತ್ತದೆ; ಮಗಳ ಹೆರಿಗೆಯ ಸುದ್ದಿಗಾಗಿ ಕಾದು ಕುಳಿತ ತಾಯಿ ಚಡಪಡಿಸುತ್ತಾಳೆ. ತರಗತಿಯಲ್ಲಿ ಅಂಗಿಯ ಗುಂಡಿಯನ್ನು ತಿರುವುತ್ತ, ಬೆಂಚಿನ ಕೆಳಗೆ ಕಾಲು ತೂಗುತ್ತ, ಹೊರಗಿನ ಬೇವಿನ ಮರದ ಗಿಳಿಯನ್ನು ನೋಡುತ್ತಿರುವ ಹುಡುಗನಿಗೆ ಅಂಥ ಸಂಕಟವೇನೂ ಇಲ್ಲ. ‘ನಿಮ್ಮ ಮಗ ಪಾಠದ ಹೊತ್ತಿನಲ್ಲಿ ಚಡಪಡಿಸುತ್ತಾನೆ’ ಎಂದು ಉಪಾಧ್ಯಾಯರು ಮನೆಗೆ ಬರೆದು ಕಳುಹಿಸಿದರೆ ಆ ತಾಯಿ ಹೆದರಿಯಾಳು.

ಇದಕ್ಕೆ ತಕ್ಕ ಮಾತು ನಿಘಂಟಿಗಿಂತ ಹಳ್ಳಿಯ ಪಡಸಾಲೆಯಲ್ಲಿ ಬೇಗ ಸಿಕ್ಕುವುದು. ಕಲಬುರಗಿ ಜಿಲ್ಲೆಯ ಆಳಂದದ ಕಡೆ ಮಟಕಿ ಎಂಬ ಊರುಂಟು. (ಮಟಕಿ ಎಂಬುದು ಒಂದು ಕಾಳಿನ ಹೆಸರೂ ಹೌದು, ಹಿಂದಿ ಉರ್ದುಗಳಲ್ಲಿ ‘ಮಟಕ್’ ಎಂದರೆ ಒಯ್ಯಾರದಿಂದ ಮೈ ಕುಣಿಸುವುದು. ಊರ ಹೆಸರಿಗೂ ಇದಕ್ಕೂ ನಂಟು ಕಟ್ಟುವ ಸಾಹಸ ನಮ್ಮದಲ್ಲ.) ಆ ಸೀಮೆಯ ಅಜ್ಜಿ ಮೊಮ್ಮಗನಿಗೆ ಹೇಳುವುದು ಹೀಗೆ: ‘ಸುಮ್ಮ ಕುಂದ್ರಪಾ, ಯಾಕ ಮಿಸುಕಾಡ್ಲತ್ತಿ?’ ಇಲ್ಲಿ ಮರುಕವಿಲ್ಲ, ಭಯವಿಲ್ಲ. ಪ್ರೀತಿ ಬೆರೆತ ಬೇಸರ ಮಾತ್ರ. ಇಂಗ್ಲಿಷರು ‘ಫಿಜೆಟ್’ ಎನ್ನುವಾಗಲೂ ಅವರ ಧ್ವನಿ ಹೀಗೆಯೇ ಇರುವುದು.

‘ಮಿಸುಕಾಡು’ ಎಂಬುದರ ಬಾಲವನ್ನು ನೋಡಿರಿ. ಮಿಸುಕು ಎಂದರೆ ಒಂದು ಸಲ ಕದಲುವುದು. ಅದಕ್ಕೆ ‘ಆಡು’ ಸೇರಿದೊಡನೆ ಅದು ಮತ್ತೆ ಮತ್ತೆ, ಗುರಿಯಿಲ್ಲದೆ, ಆಟದಂತೆ ನಡೆಯತೊಡಗುವುದು. ಹಾರುವ ಹಕ್ಕಿ ಎಲ್ಲಿಗೋ ಹೋಗುತ್ತದೆ, ಹಾರಾಡುವ ಹಕ್ಕಿ ಅಲ್ಲಿಯೇ ಇರುತ್ತದೆ. ಓಡು, ಓಡಾಡು; ಹೊರಳು, ಹೊರಳಾಡು; ತಡಕು, ತಡಕಾಡು. ಒದೆಯುವುದು ಕಾಲಿನ ಕೆಲಸವಾದರೆ ಒದ್ದಾಡುವುದು ಇಡೀ ಮೈಯ ಕೆಲಸ, ಈಚೆಗೆ ಮನಸ್ಸಿನದೂ ಆಗಿದೆ. ಇಂಗ್ಲಿಷಿಗೂ ಇಂಥದೊಂದು ಬಾಲ ಉಂಟು. ‘ವ್ಯಾಗ್’ ಎಂಬುದರಿಂದ ‘ವ್ಯಾಗಲ್’, ‘ಸ್ಪಾರ್ಕ್’ ಎಂಬುದರಿಂದ ‘ಸ್ಪಾರ್ಕಲ್’, ‘ಪ್ಯಾಟ್’ ಎಂಬುದರಿಂದ ‘ಪ್ಯಾಟರ್’. ಆದರೆ ಅವರ ಬಾಲ ಒಣಗಿಹೋಗಿದೆ. ಅದನ್ನು ಹಚ್ಚಿ ಹೊಸ ಮಾತು ಕಟ್ಟುವವರು ಈಗ ವಿರಳ. ನಮ್ಮ ‘ಆಡು’ ಇನ್ನೂ ಹಸಿಯಾಗಿದೆ.

ಹಾಗಾದರೆ ಇಂಗ್ಲಿಷಿನ ಐಶ್ವರ್ಯ ಎಲ್ಲಿ? ಒಂದೊಂದು ಚಲನೆಗೆ ಒಂದೊಂದು ಕ್ರಿಯಾಪದವನ್ನು ಇಟ್ಟುಕೊಂಡಿರುವುದರಲ್ಲಿ. ಹುಳುವಿನಂತೆ ಮೈ ನುಲಿದರೆ ‘ರಿಗಲ್’, ನಾಚಿಕೆಯಿಂದ ಮುದುಡಿ ನುಲಿದರೆ ‘ಸ್ಕ್ವರ್ಮ್’, ಮಾಂಸಖಂಡ ತಾನಾಗಿ ಎಳೆದರೆ ‘ಟ್ವಿಚ್’, ಚಳಿಗೆ ‘ಷಿವರ್’, ಅಂಜಿಕೆಗೆ ‘ಟ್ರೆಂಬಲ್’. ನಾವು ‘ನಡುಗು’ ಎಂಬ ಒಂದನ್ನೇ ಇಟ್ಟುಕೊಂಡು, ಅದರ ಮುಂದೆ ಜೋಡಿ ಮಾತನ್ನು ನಿಲ್ಲಿಸುತ್ತೇವೆ. ಚಳಿಯಾದರೆ ಗಡಗಡ, ಕೋಪವಾದರೆ ಥರಥರ. ಭಯಕ್ಕೆ ಎರಡೂ ಸಲ್ಲುವುವು. ಕಣ್ಣಿಗೆ ಪಿಳಿಪಿಳಿ, ರೆಕ್ಕೆಗೆ ಪಟಪಟ, ಪ್ರಾಣಸಂಕಟಕ್ಕೆ ವಿಲವಿಲ. ಇವನ್ನು ಮಕ್ಕಳ ಮಾತೆಂದು ತಿಳಿದು ಗ್ರಂಥಗಳಿಂದ ಹೊರಗಿಡುವ ಪಂಡಿತರುಂಟು. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಅನುಕರಣ ಶಬ್ದಗಳನ್ನು ವ್ಯಾಕರಣದ ವಿಷಯವೆಂದು ಎಣಿಸಿದ್ದನ್ನು ಅವರು ಮರೆತಂತಿದೆ.

ಈ ಜೋಡಿ ಮಾತುಗಳು ಕನ್ನಡದ ಸ್ವಂತ ಆಸ್ತಿಯೇನೂ ಅಲ್ಲ. ದ್ರಾವಿಡ ಭಾಷೆಗಳೂ ಉತ್ತರದ ಆರ್ಯಭಾಷೆಗಳೂ ಇವನ್ನು ಹಂಚಿಕೊಂಡಿವೆಯೆಂಬುದನ್ನು ಎಮೆನೋ ಎಂಬ ವಿದ್ವಾಂಸರು 1969ರ ಲೇಖನವೊಂದರಲ್ಲಿ ವಿಸ್ತಾರವಾಗಿ ತೋರಿಸಿದರು. ಆಳಂದ ಅಫಜಲಪುರಗಳಲ್ಲಿ ಇದಕ್ಕೆ ಲೇಖನ ಬೇಕಿಲ್ಲ. ಮಹಾರಾಷ್ಟ್ರದ ಗಡಿ ಪಕ್ಕದಲ್ಲಿಯೇ. 1948ರ ವರೆಗೆ ನಿಜಾಮರ ಆಳಿಕೆ, ಕಚೇರಿಯಲ್ಲಿ ಉರ್ದು. ತಳಮಳ, ಧಡಪಡ, ಗಡಬಡ, ಕಿರಿಕಿರಿ ಇವು ಮರಾಠಿಯವನ ಬಾಯಲ್ಲಿಯೂ ಕನ್ನಡಿಗನ ಬಾಯಲ್ಲಿಯೂ ಒಂದೇ. ಜತೆಗೆ ಉರ್ದುವಿನ ‘ಬೇಚೈನ’. ಮರಾಠಿಯ ‘ಚಳವಳ’ ಎಂದರೆ ಮೊದಲಿಗೆ ಇಂಥ ಮಿಸುಕಾಟವೇ. ಆ ಮಾತೇ ನಮ್ಮಲ್ಲಿ ‘ಚಳವಳಿ’ಯಾಗಿ ಬೆಳೆದು, 1947–48ರಲ್ಲಿ ಇದೇ ಸೀಮೆಯಲ್ಲಿ ನಡೆದ ವಿಮೋಚನೆಯ ಹೋರಾಟದ ಹೆಸರನ್ನೂ ಹೊತ್ತಿತು. ಸುಮ್ಮನೆ ಕುಳಿತಿರಲಾರದವರ ಕೆಲಸವೆಂಬ ಅರ್ಥದಲ್ಲಿ ಅದು ಸರಿಯಾದ ಹೆಸರೇ.

ಇದೆಲ್ಲ ಮಾತಿನ ವಿನೋದವೆಂದು ಶ್ರೋತೃಗಳು ತಿಳಿಯಬಾರದು. ಆಸ್ಪತ್ರೆಯ ಬಾಗಿಲಲ್ಲಿ ಇದು ವಿನೋದವಲ್ಲ. ಹಳ್ಳಿಯವಳೊಬ್ಬಳು ‘ಕಣ್ಣ ಹಾರ್ಲತ್ತದ’ ಎಂದರೆ ಇಂಗ್ಲಿಷಿನಲ್ಲಿ ಓದಿದ ವೈದ್ಯನಿಗೆ ಅದು ‘ಟ್ವಿಚ್’ ಎಂದು ಹೊಳೆಯಬೇಕು. ‘ಕೈ ನಡಗ್ತದ’ ಎಂದರೆ ಚಳಿಜ್ವರವೋ, ಭಯವೋ, 1817ರಲ್ಲಿ ಪಾರ್ಕಿನ್ಸನ್ ಎಂಬ ವೈದ್ಯರು ವರ್ಣಿಸಿದ ಕಂಪವಾತವೋ ಎಂದು ವಿಚಾರಿಸಬೇಕು. ಇವುಗಳಿಗಿಂತ ಕಷ್ಟವಾದದ್ದು ಇನ್ನೊಂದುಂಟು. ರಾತ್ರಿ ಮಲಗಿದೊಡನೆ ಕಾಲು ನಿಲ್ಲಗೊಡುವುದಿಲ್ಲ. ನೋವೆಂದು ಹೇಳುವಂತಿಲ್ಲ, ಎದ್ದು ನಾಲ್ಕು ಹೆಜ್ಜೆ ನಡೆದರೆ ಹಗುರ, ಮತ್ತೆ ಮಲಗಿದರೆ ಮತ್ತೆ ಅದೇ. ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯರು 1672ರಲ್ಲಿಯೇ ಇದನ್ನು ಬರೆದಿಟ್ಟಿದ್ದರು. ಸ್ವೀಡನ್ನಿನ ಎಕ್‌ಬೊಮ್ ಅವರು 1945ರಲ್ಲಿ ಇದನ್ನು ವಿವರವಾಗಿ ವರ್ಣಿಸಿ ‘ಸುಮ್ಮನಿರದ ಕಾಲು’ ಎಂಬ ಅರ್ಥದ ಹೆಸರು ಕೊಟ್ಟರು. ರಕ್ತದಲ್ಲಿ ಕಬ್ಬಿಣದ ಅಂಶ ಕುಂದಿದಾಗ, ಬಸುರಿನಲ್ಲಿ, ಇದು ಹೆಚ್ಚಾಗಿ ಕಾಣಿಸುವುದು. ಕಾರಣ ತಿಳಿದರೆ ಅನೇಕರಿಗೆ ಗುಣವಾಗುವಂಥದು.

ಆದರೆ ಆ ಹೆಂಗಸು ಹೇಳುವುದೇನು? ‘ಕಾಲಾಗ ಹುಳ ಹರದಂಗ ಆಗ್ತದ್ರಿ.’ ಬರೆದುಕೊಳ್ಳುವವನು ಅವಸರದಲ್ಲಿ ‘ಕಾಲು ನೋವು’ ಎಂದು ಬರೆಯುತ್ತಾನೆ. ನೋವಿನ ಗುಳಿಗೆ ದೊರೆಯುವುದು. ಆಕೆ ಮತ್ತೆ ರಾತ್ರಿಯೆಲ್ಲ ಅಂಗಳದಲ್ಲಿ ತಿರುಗಾಡುತ್ತಾಳೆ. ಅವಳ ಮಾತಿನಲ್ಲಿ ತಪ್ಪೇನಿತ್ತು? ಹುಳು ಹರಿಯುವುದೆಂಬ ಹೋಲಿಕೆ ವೈದ್ಯಗ್ರಂಥಗಳಲ್ಲಿಯೂ ಇದೆ. ಅವನು ‘ಬ್ಯಾನಿ ಅದನೋ, ಜೋಮ ಅದನೋ, ಇಲ್ಲ ಕಾಲ ಆಡಸ್ಬೇಕ ಅನಸ್ತದೋ?’ ಎಂದು ಅವಳ ಮಾತಿನಲ್ಲಿಯೇ ಒಮ್ಮೆ ಕೇಳಿದ್ದರೆ, ‘ಆಡಿಸಿದ್ರ ಹಗುರ ಆಗ್ತದ’ ಎಂದು ಆಕೆ ಅಲ್ಲಿಯೇ ಹೇಳಿಬಿಡುತ್ತಿದ್ದಳು.