ಹಸುಗೂಸಿನ ಎದೆಯ ಊತವೂ ಕಾಗದದ ಮೇಲಿನ ಅಂಕೆಯೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವೈದ್ಯದ ವಿಷಯ ಮಾತಾಡಲು ನಿಂತಿರುವ ನಾವು ವೈದ್ಯರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಭಾನುವಾರ ಬೆಳಿಗ್ಗೆ ಈ ಮೇಜಿನ ಬಳಿ ಕುಳಿತು ಬಂದವರ ಅರ್ಜಿ ತುಂಬಿಕೊಡುವವರು. ಆದರೆ ಅರ್ಜಿ ತುಂಬುವವನ ಕೈಗೆ ಮನೆಮನೆಯ ಸುಖದುಃಖವೆಲ್ಲ ಬರುತ್ತದೆ. ಹಾಗೆ ಬಂದ ಒಂದು ಕಾಗದದ ಸಂಗತಿಯನ್ನು ತಮ್ಮ ಮುಂದೆ ಇಡುತ್ತೇವೆ. ಮನೆಯವರ ಒಪ್ಪಿಗೆ ಪಡೆದಿದ್ದೇವೆ, ಹೆಸರು ಹೇಳುವುದಿಲ್ಲ.

ನಮ್ಮ ಗಿರಣಿಯ ಒಬ್ಬ ಕೆಲಸಗಾರರ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಐದಾರು ದಿನಕ್ಕೆ ಅದರ ಎದೆ ಎರಡೂ ಕಡೆ ಅಡಿಕೆಯಷ್ಟು ಊದಿಕೊಂಡಿತು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅಜ್ಜಿ, ಎರೆಯುವಾಗ ಎಣ್ಣೆ ಹಚ್ಚಿ ದಿನವೂ ಹಿಂಡಿದರು. ಹನಿ ಹನಿ ಹಾಲೂ ಬಂತಂತೆ. ಮೂರನೆಯ ವಾರಕ್ಕೆ ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ಕೂಸು ಚೀರತೊಡಗಿತು. ದವಾಖಾನೆಯಲ್ಲಿ ಆರು ದಿನ ಇಟ್ಟುಕೊಂಡು, ಕೀವು ತೆಗೆದು, ಸೂಜಿಮದ್ದು ಕೊಟ್ಟು ಕಳಿಸಿದರು. ಕೂಸು ಚೇತರಿಸಿಕೊಂಡಿತು. ಆದರೆ ಖರ್ಚಿನ ಅರ್ಜಿ ವಿಮೆಯವರಿಂದ ತಿರುಗಿ ಬಂತು. ತಾನಾಗಿ ಇಳಿಯುವ ಊತಕ್ಕೆ ಆರು ದಿನದ ದವಾಖಾನೆ ಏಕೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಕಾಯಿಲೆಯ ಅಂಕೆ ‘ಪಿ 83.4’ ಎಂದಿತ್ತು.

ಈ ಅಂಕೆ ಎಲ್ಲಿಯದು? 1893ರಲ್ಲಿ ಜಾಕ್ ಬರ್ತಿಯೋಂ ಎಂಬ ಫ್ರೆಂಚ್ ಅಂಕಿಸಂಖ್ಯೆಯ ಪಂಡಿತರು ಸಾವಿನ ಕಾರಣಗಳ ಒಂದು ಪಟ್ಟಿಯನ್ನು ಷಿಕಾಗೋದ ಸಭೆಯಲ್ಲಿ ಮುಂದಿಟ್ಟರು. ಅದು ಬೆಳೆಯುತ್ತ ಬಂದು, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಸೇರಿ, ಸಾವಿನ ಜೊತೆಗೆ ಕಾಯಿಲೆಗಳಿಗೂ ಪಟ್ಟಿಯಾಯಿತು. ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದನೆಯದು 2022ರಿಂದ ಜಾರಿಗೆ ಬಂದಿದ್ದರೂ ನಮ್ಮ ಮೇಜಿಗೆ ಬರುವ ಕಾಗದಗಳಲ್ಲಿ ಕಾಣುವುದು ಹತ್ತನೆಯದೇ.

ಇದನ್ನು ಒಂದು ದೊಡ್ಡ ಚಾಳು ಎಂದು ತಿಳಿಯಿರಿ. ಮೊದಲಿನ ಅಕ್ಷರ ಸಾಮಾನ್ಯವಾಗಿ ಕಟ್ಟಡವನ್ನೂ, ಅಂಕೆ ಕೋಣೆಯನ್ನೂ ಹೇಳುತ್ತದೆ. ‘ಪಿ’ ಎಂಬುದು ಹೆರಿಗೆಯ ಆಸುಪಾಸಿನಲ್ಲಿ ಹುಟ್ಟುವ ತೊಂದರೆಗಳ ಕಟ್ಟಡ. ತೊಂದರೆಯ ಬೇರು ಆ ದಿನಗಳಲ್ಲಿದ್ದರೆ ಸಾಕು, ಕೂಸು ಇಪ್ಪತ್ತು ದಿನದ್ದಾಗಿದ್ದರೂ ಅಲ್ಲಿಯೇ ಸೇರಬೇಕು. ದೊಡ್ಡವರ ಎದೆಯ ಬೇನೆಗಳ ಸಾಲು ‘ಎನ್’ ಕಟ್ಟಡದಲ್ಲಿದೆ. ಹಸುಗೂಸಿಗೆ ಅಲ್ಲಿ ಜಾಗವಿಲ್ಲ.

ಕೂಸಿನ ಎದೆಯ ಊತಕ್ಕೆ ‘ಪಿ’ಯಲ್ಲಿ ಎರಡು ಕೋಣೆಗಳಿವೆ. ಒಂದು ಪಿ 83.4. ಸೋಂಕಿಲ್ಲದ ಊತ ಇಲ್ಲಿಗೆ. ಅದರ ನೆರೆಯವರೂ ಬಹುಪಾಲು ಚರ್ಮದ ಸಂಗತಿಗಳು. ಹುಟ್ಟಿದ ಕೂಸಿನ ಮೈಮೇಲೆ ಕೆಂಪು ಬೊಕ್ಕೆ ಎದ್ದು ತಾನಾಗಿ ಹೋಗುವುದನ್ನು ತಾಯಂದಿರು ಕಂಡಿರುತ್ತೀರಿ. ಅದರ ಮನೆ ಪಿ 83.1. ಇನ್ನೊಂದು ಕೋಣೆ ಪಿ 39.0. ಇದು ಸೋಂಕುಗಳ ಸಾಲು. ಹೊಕ್ಕುಳು ಕೀವಾಗುವುದು ಇದರ ಪಕ್ಕದ ಮನೆ, ಪಿ 38. ಎದೆಗೆ ಸೋಂಕು ತಗಲಿ ಕೀವಾದ ಕೂಸು ಇಲ್ಲಿ ಸೇರಬೇಕು. ಕೀವಿನ ಪರೀಕ್ಷೆಯಲ್ಲಿ ಸ್ಟಫಿಲೋಕಾಕಸ್ ಆರಿಯಸ್ ಎಂಬ ರೋಗಾಣು ಸಿಕ್ಕರೆ, ಬಿ 95.6 ಎಂದು ಜೊತೆಗೊಂದು ಅಂಕೆ ಬರೆಯುವುದುಂಟು.

ಹಾಗಾದರೆ ಕೀವಾದ ಕೂಸು ಪಿ 83.4ಕ್ಕೆ ಹೇಗೆ ಹೋಯಿತು? ನಾವು ಎರಡು ರಾತ್ರಿ ಆ ಪಟ್ಟಿಯ ಅಕಾರಾದಿಯನ್ನು ತಿರುವಿ ನೋಡಿದೆವು. ವೈದ್ಯರು ಕಾರ್ಡಿನಲ್ಲಿ ಬರೆದಿದ್ದು ‘ನವಜಾತ ಶಿಶುವಿನ ಮ್ಯಾಸ್ಟೈಟಿಸ್’ ಎಂದಷ್ಟೇ. ಅಕಾರಾದಿಯಲ್ಲಿ ಆ ಹೆಸರಿನ ಮುಂದೆ ‘ಸೋಂಕಿಲ್ಲದ’ ಎಂಬ ಮಾತು ಆವರಣದೊಳಗೆ ಇದೆ. ಆವರಣದೊಳಗಿನ ಮಾತನ್ನು ವೈದ್ಯರು ಬರೆದರೂ ಬಿಟ್ಟರೂ ಅಂಕೆ ಒಂದೇ ಎಂಬುದು ಅಲ್ಲಿಯ ನಿಯಮ. ಆದ್ದರಿಂದ ಬರಿಯ ಮ್ಯಾಸ್ಟೈಟಿಸ್ ಎಂದರೆ ಕೈ ನೇರವಾಗಿ ಪಿ 83.4ಕ್ಕೆ ಹೋಗುತ್ತದೆ. ‘ಸೋಂಕಿನ’ ಎಂಬ ಒಂದು ಮಾತು ವೈದ್ಯರ ಬರಹದಲ್ಲಿದ್ದರೆ ಮಾತ್ರ ಕೆಳಗಿನ ಸಾಲಿಗೆ ಇಳಿದು ಪಿ 39.0. ಅಂಕೆ ಹಾಕಿದ ದವಾಖಾನೆಯ ಗುಮಾಸ್ತರು ನಿಯಮ ಮೀರಲಿಲ್ಲ. ವೈದ್ಯರು ಬರೆಯದ್ದನ್ನು ತಾವೇ ಸೇರಿಸುವ ಅಧಿಕಾರ ಅವರಿಗಿಲ್ಲ. ಕೀವು ತೆಗೆದ ಕೇಸ್ ಪೇಪರ್ ನೋಡಿ ಒಂದು ಮಾತು ಕೇಳಬಹುದಿತ್ತು, ನಿಜ. ಆದರೆ ತಿಂಗಳ ಕೊನೆಯಲ್ಲಿ ನಮ್ಮ ಮೇಜಿನ ಮೇಲೆ ಬೀಳುವ ರಾಶಿಯನ್ನು ನೆನೆದರೆ ಅವರನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ.

ಇನ್ನು ಆ ಊತದ ಮಾತು. ತಾಯಂದಿರನ್ನು ಇಂದು ಬರಹೇಳಿದ್ದು ಇದಕ್ಕಾಗಿಯೇ. ಗರ್ಭದಲ್ಲಿರುವಾಗ ತಾಯಿಯ ಈಸ್ಟ್ರೋಜನ್ ಎಂಬ ರಸ ಮಾಸಿನ ಮೂಲಕ ಕೂಸಿಗೂ ಹೋಗುತ್ತದೆ. ಹುಟ್ಟಿದ ಮೇಲೆ ಅದು ಇಳಿಯುತ್ತದೆ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ರಸ ಕೂಸಿನ ಮೈಯಲ್ಲಿಯೇ ಕೆಲಸ ಮಾಡುತ್ತದೆ. ಅದಕ್ಕೇ ತಿಂಗಳು ತುಂಬಿ ಹುಟ್ಟಿದ ಎಷ್ಟೋ ಕೂಸುಗಳಿಗೆ, ಹೆಣ್ಣಿರಲಿ ಗಂಡಿರಲಿ, ಮೊದಲ ವಾರದಲ್ಲಿ ಎದೆ ಊದುತ್ತದೆ. ಕೆಲವಕ್ಕೆ ಹನಿ ಹಾಲೂ ಜಿನುಗುತ್ತದೆ. ಯುರೋಪಿನಲ್ಲಿ ಹಿಂದೆ ಇದಕ್ಕೆ ಮಾಟಗಾತಿಯ ಹಾಲು ಎಂದು ಹೆಸರಿತ್ತು. ಹೆದರಿದವರು ನಮ್ಮ ಊರಿನವರು ಮಾತ್ರವಲ್ಲ. ಕೆಲವು ವಾರಗಳಲ್ಲಿ, ಒಮ್ಮೊಮ್ಮೆ ಕೆಲವು ತಿಂಗಳಲ್ಲಿ, ಊತ ತಾನಾಗಿ ಇಳಿಯುತ್ತದೆ. ಮದ್ದು ಬೇಡ, ಶಾಖ ಬೇಡ, ತಿಕ್ಕುವುದು ಬೇಡ.

ಹಿಂಡಬಾರದು ಏಕೆ? ಹಿಂಡಿದಾಗ ಎಳೆಯ ಚರ್ಮ ನೋಯುತ್ತದೆ. ಕೈಯ ಮೇಲಿನ, ಚರ್ಮದ ಮೇಲಿನ ರೋಗಾಣು ಒಳಗೆ ಇಳಿಯಲು ದಾರಿಯಾಗುತ್ತದೆ. ಕೀವಾದರೆ ಒಳಗಿನ ಎಳೆಯ ಮೊಗ್ಗು ಕೆಡಬಹುದು. ಹೆಣ್ಣುಮಗು ಬೆಳೆದು ಪ್ರಾಯಕ್ಕೆ ಬಂದಾಗ ಆ ಕಡೆಯ ಎದೆ ತುಂಬದೆ ಉಳಿಯಬಹುದು. ಹಿಂಡದಿದ್ದರೂ ಸೋಂಕು ಬರುವುದುಂಟು, ಆದ್ದರಿಂದ ಗುರುತು ತಿಳಿದಿರಲಿ: ಹೆಚ್ಚಾಗಿ ಒಂದೇ ಕಡೆ ಕೆಂಪು, ಬಿಸಿ, ಗಟ್ಟಿ, ಮುಟ್ಟಿದರೆ ಅಳು, ಕೀವು. ಮೈ ಕಾದಿಲ್ಲ ಎಂದು ತಡಮಾಡಬೇಡಿ; ಈ ಸೋಂಕಿನಲ್ಲಿ ಎಷ್ಟೋ ಕೂಸುಗಳಿಗೆ ಜ್ವರವೇ ಬರುವುದಿಲ್ಲ. ಅದೇ ದಿನ ದವಾಖಾನೆಗೆ ಹೋಗಬೇಕು.

ಅಜ್ಜಿಯನ್ನು ನಾವು ಮಾತಾಡಿಸಿದೆವು. “ನನ್ನ ಐದೂ ಮಕ್ಕಳಿಗೆ ಹಿಂಗ ಹಿಂಡೀನಿ, ತಮ್ಮಾ. ಒಂದಕ್ಕೂ ಏನೂ ಆಗಿಲ್ಲ,” ಎಂದರು. ಅದೂ ಸುಳ್ಳಲ್ಲ, ಹಿಂಡಿದ ಕೂಸಿಗೆಲ್ಲ ಕೀವಾಗುವುದಿಲ್ಲ. “ಐದೂ ಹಿಂಡದಿದ್ದರೂ ಇಳಿಯುತ್ತಿತ್ತು, ಆಯಿ,” ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು, “ದಾಖಲಾದ ದಿನ ಡಾಕ್ಟರ್ ನನ್ನ ಕಡೆ ತಿರುಗಿ ಏನೋ ಕೇಳಿದ್ರು. ಇದನ್ನ ಏನು?” ಡಾಕ್ಟರು ಮರಾಠಿಯಲ್ಲಿ ಕೇಳಿದ್ದರು, ಆಯಿಗೆ ತಿಳಿಯದೆ ತಲೆಯಾಡಿಸಿದ್ದರು, ಸೊಸೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ದವಾಖಾನೆಯ ಮಾತು ಒಂದು, ಕಾಗದದ ಮಾತು ಇನ್ನೊಂದು, ಮನೆಯ ಮಾತು ಮತ್ತೊಂದು. ಇಂಥ ಹೊತ್ತಿನಲ್ಲಿ ಜೊತೆಗೆ ಬರಲು ಈ ವಾಚನಾಲಯದಲ್ಲಿ ಎರಡೂ ಮಾತು ಬಲ್ಲವರು ಮೂರು ಜನರಿದ್ದೇವೆ. ರಾತ್ರಿಯಾದರೂ ಕರೆಯಿರಿ, ಸಂಕೋಚ ಬೇಡ.

ಕಾರ್ಡಿನ ಕತೆ ಉಳಿಯಿತು. ಕೇಸ್ ಪೇಪರಿನ ನಕಲು ಹಿಡಿದು ನಾವು ಮತ್ತು ಕೂಸಿನ ತಂದೆ ವೈದ್ಯರಲ್ಲಿಗೆ ಹೋದೆವು. ಅಂಕೆ ಬದಲಿಸಿ ಎಂದು ನಾವು ಕೇಳಲಿಲ್ಲ, ಹಾಗೆ ಕೇಳಬಾರದು. ಕೀವು ತೆಗೆದದ್ದು ಕಾರ್ಡಿನಲ್ಲಿ ಬಂದಿಲ್ಲ, ನೋಡಿ ಕೊಡಿ ಎಂದೆವು. ಅವರು ಓದಿ, ‘ಸೋಂಕಿನ’ ಎಂಬ ಮಾತು ಸೇರಿಸಿ, ರುಜು ಹಾಕಿದರು. ಗುಮಾಸ್ತರು ಅಲ್ಲೇ ಪಿ 39.0 ಬರೆದರು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಅದಕ್ಕಾಗಿ ಕೂಸಿನ ತಂದೆ ಎರಡು ದಿನದ ಪಗಾರ ಬಿಟ್ಟಿದ್ದರು. ತಿದ್ದಿದ ಕಾಗದ ವಿಮೆಯವರಿಗೆ ಹೋಗಿದೆ. ಹಣ ಇನ್ನೂ ಬಂದಿಲ್ಲ. ಮುಂದಿನ ವಾರ ನೆನಪಿನ ಪತ್ರ ಬರೆಯಬೇಕು. ಡಿಸ್ಚಾರ್ಜ್ ಕಾರ್ಡು ಕೈಗೆ ಬಂದವರು ದವಾಖಾನೆಯ ಬಾಗಿಲು ದಾಟುವ ಮೊದಲೇ ಒಮ್ಮೆ ಓದಿಸಿಕೊಳ್ಳಿ. ಓದಿ ಹೇಳುವವರಿಲ್ಲದಿದ್ದರೆ ಭಾನುವಾರ ಒಂಬತ್ತರಿಂದ ಹನ್ನೊಂದರವರೆಗೆ ನಾವು ಇಲ್ಲಿಯೇ ಇರುತ್ತೇವೆ.