ಅವಧಿ ಮುಗಿದ ಮಳಿಗೆಯ ಬಾಡಿಗೆ: ಲೆಕ್ಕ ಹಾಕುವ ಕ್ರಮ

(ಗ್ರಾಮ ಪಂಚಾಯಿತಿ ಸಿಬ್ಬಂದಿಯ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬಸ್ ನಿಲ್ದಾಣದ ಪಕ್ಕದಲ್ಲಿಯೋ ಸಂತೆ ಮೈದಾನದ ಅಂಚಿನಲ್ಲಿಯೋ ಇರುವ ವಾಣಿಜ್ಯ ಮಳಿಗೆಗಳು ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದ ಮುಖ್ಯ ಆಧಾರಗಳಲ್ಲೊಂದು. ಕರಾರಿನ ಅವಧಿ ಮುಗಿದ ಮೇಲೂ ಬಾಡಿಗೆದಾರರು ಮಳಿಗೆಯಲ್ಲಿ ಮುಂದುವರಿದಾಗ ಅವರಿಂದ ಬರಬೇಕಾದ ಮೊತ್ತವೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಹಳೆಯ ದರವನ್ನೇ ಹಿಡಿದರೆ ಪಂಚಾಯಿತಿಗೆ ನಷ್ಟವಾಗಿ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ. ಮನಬಂದಂತೆ ದುಪ್ಪಟ್ಟು ಹಾಕಿದರೆ ಸಣ್ಣ ವ್ಯಾಪಾರಿಗೆ ಅನ್ಯಾಯವಾಗುತ್ತದೆ; ಆ ಬೇಡಿಕೆ ನ್ಯಾಯಾಲಯದಲ್ಲಿ ನಿಲ್ಲುವುದೂ ಕಷ್ಟ. ಆದುದರಿಂದ ಮೊದಲು ಅವಧಿಯನ್ನು ವಿಂಗಡಿಸಬೇಕು, ಅನಂತರ ದರವನ್ನು ನಿರ್ಧರಿಸಬೇಕು. ಈ ಉಪನ್ಯಾಸದ ಸಾರವಿಷ್ಟೇ.

1. ಮೂರು ಅವಧಿಗಳು

ಮೊದಲನೆಯದು ಕರಾರಿನ ಅವಧಿ. ಇಲ್ಲಿ ಕರಾರಿನ ದರವೇ ದರ. ಕರಾರಿನಲ್ಲಿ ವಾರ್ಷಿಕ ಹೆಚ್ಚಳದ ಷರತ್ತಿದ್ದರೆ ಅದನ್ನು ಆಯಾ ವರ್ಷವೇ ಅನ್ವಯಿಸಿರಬೇಕು.

ಎರಡನೆಯದು ಸಮ್ಮತಿಯಿಂದ ಮುಂದುವರಿದ ಅವಧಿ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 111ನೆಯ ಪ್ರಕರಣದ ಪ್ರಕಾರ ನಿಗದಿತ ಕಾಲ ಮುಗಿದೊಡನೆ ಗುತ್ತಿಗೆ ಕೊನೆಗೊಳ್ಳುತ್ತದೆ. ಆದರೆ ಅನಂತರವೂ ಮಾಲೀಕನು ಬಾಡಿಗೆಯನ್ನು ಸ್ವೀಕರಿಸಿದರೆ ಅಥವಾ ಬೇರೆ ರೀತಿಯಲ್ಲಿ ಸಮ್ಮತಿಸಿದರೆ, ವಿರುದ್ಧವಾದ ಒಪ್ಪಂದ ಇಲ್ಲದಿರುವಲ್ಲಿ, 116ನೆಯ ಪ್ರಕರಣದಂತೆ ಗುತ್ತಿಗೆ ನವೀಕರಣಗೊಂಡಂತಾಗುತ್ತದೆ. ಸಾಮಾನ್ಯ ಅಂಗಡಿಗೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 106ನೆಯ ಪ್ರಕರಣದಂತೆ 15 ದಿನಗಳ ಲಿಖಿತ ನೋಟಿಸಿನಿಂದ ಅದನ್ನು ಕೊನೆಗೊಳಿಸಬಹುದು. ಕಟ್ಟಡವನ್ನು ಉತ್ಪಾದನಾ ಉದ್ದೇಶಕ್ಕೆ ಕೊಟ್ಟಿದ್ದರೆ ಅದು ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆಯಾಗಿ, 6 ತಿಂಗಳ ನೋಟಿಸು ಬೇಕಾಗುತ್ತದೆ. ನೋಟಿಸಿನ ಕಾಲವನ್ನು ಅದು ತಲುಪಿದ ದಿನಾಂಕದಿಂದ ಎಣಿಸಬೇಕೇ ಹೊರತು ಕಚೇರಿಯಿಂದ ಹೊರಟ ದಿನಾಂಕದಿಂದಲ್ಲ. ಈ ಎರಡನೆಯ ಅವಧಿಯಲ್ಲಿಯೂ ದರ ಹಳೆಯದೇ.

ಮೂರನೆಯದು ಸಮ್ಮತಿಯಿಲ್ಲದ ಅವಧಿ. ನೋಟಿಸಿನ ಕಾಲ ಮುಗಿದ ಮರುದಿನದಿಂದ, ಅಥವಾ ಅವಧಿ ಮುಗಿದ ಮೇಲೆ ಪಂಚಾಯಿತಿಯು ಸಮ್ಮತಿಯನ್ನೇ ನೀಡದಿದ್ದರೆ ಅವಧಿ ಮುಗಿದ ಮರುದಿನದಿಂದ, ಇದು ಆರಂಭವಾಗುತ್ತದೆ. ಈ ಕಾಲಕ್ಕೆ ಬರಬೇಕಾದುದು ಬಾಡಿಗೆಯಲ್ಲ, ನಷ್ಟಭರ್ತಿ. ನ್ಯಾಯಾಲಯಗಳಲ್ಲಿ ಇದನ್ನು ‘ಮೀನ್ ಪ್ರಾಫಿಟ್ಸ್’ ಎನ್ನುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 2(12)ನೆಯ ಪ್ರಕರಣದ ಪ್ರಕಾರ, ಅಕ್ರಮ ಸ್ವಾಧೀನದಲ್ಲಿರುವವನು ಆ ಸ್ವತ್ತಿನಿಂದ ವಾಸ್ತವವಾಗಿ ಪಡೆದ ಅಥವಾ ಸಾಮಾನ್ಯ ಶ್ರದ್ಧೆಯಿಂದ ಪಡೆಯಬಹುದಾಗಿದ್ದ ಲಾಭವೂ ಅದರ ಮೇಲಿನ ಬಡ್ಡಿಯೂ ಇದರಲ್ಲಿ ಸೇರುತ್ತವೆ. ಆತನೇ ಮಾಡಿಸಿದ ಸುಧಾರಣೆಗಳಿಂದ ಬಂದ ಲಾಭ ಸೇರುವುದಿಲ್ಲ. ವ್ಯಾಪಾರಿಯು ತನ್ನ ಖರ್ಚಿನಲ್ಲಿ ನೆಲಹಾಸು, ಕಪಾಟು ಹಾಕಿಸಿದ್ದರಿಂದ ಮಳಿಗೆಯ ಬೆಲೆ ಹೆಚ್ಚಿದ್ದರೆ ಆ ಹೆಚ್ಚಳವನ್ನು ಆತನಿಂದಲೇ ವಸೂಲು ಮಾಡುವಂತಿಲ್ಲ.

2. ಮಾರುಕಟ್ಟೆ ದರಕ್ಕೆ ಆಧಾರ

ಮೂರನೆಯ ಅವಧಿಗೆ ಹಳೆಯ ಬಾಡಿಗೆಯೇ ಮಿತಿಯಲ್ಲ. ಬಿಡುಗಡೆಯ ಡಿಕ್ರಿಯಾದ ಮೇಲೂ ಸ್ವಾಧೀನದಲ್ಲಿ ಮುಂದುವರಿದ ಬಾಡಿಗೆದಾರನು, ಮಾಲೀಕನು ಆ ಆವರಣವನ್ನು ಬೇರೆಯವರಿಗೆ ಕೊಟ್ಟಿದ್ದರೆ ಗಳಿಸಬಹುದಾಗಿದ್ದ ದರದಲ್ಲಿ ಹಣ ಕೊಡಬೇಕಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ 2004ರ ಡಿಸೆಂಬರಿನಲ್ಲಿ ಹೇಳಿದೆ. ಆದರೆ ಆ ದರವನ್ನು ಪುರಾವೆಯಿಂದ ತೋರಿಸಬೇಕು. ಅದೇ ಸಂಕೀರ್ಣದ ಪಕ್ಕದ ಮಳಿಗೆಗೆ ಇತ್ತೀಚಿನ ಹರಾಜಿನಲ್ಲಿ ಬಂದ ದರ, ಅದೇ ರಸ್ತೆಯ ಸಮಾನ ವಿಸ್ತೀರ್ಣದ ಅಂಗಡಿಗಳ ಕರಾರು, ಲೋಕೋಪಯೋಗಿ ಇಲಾಖೆಯ ಬಾಡಿಗೆ ಮೌಲ್ಯಮಾಪನ ಇವುಗಳನ್ನು ಕಡತದಲ್ಲಿ ಇಡಬೇಕು.

ಕರಾರಿನಲ್ಲಿ ‘ಅವಧಿ ಮೀರಿದರೆ ದುಪ್ಪಟ್ಟು ಬಾಡಿಗೆ’ ಎಂಬ ಷರತ್ತಿದ್ದರೆ ಸಾಕಲ್ಲವೇ ಎಂದು ಕೆಲವರು ಕೇಳುವುದುಂಟು. ಭಾರತೀಯ ಕರಾರು ಅಧಿನಿಯಮ, 1872ರ 74ನೆಯ ಪ್ರಕರಣದಂತೆ, ಕರಾರಿನಲ್ಲಿ ಬರೆದ ದಂಡದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ದೊರೆಯುತ್ತದೆ. 2021ರ ಕೇಂದ್ರದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ಮೊದಲ 2 ತಿಂಗಳಿಗೆ ದುಪ್ಪಟ್ಟು, ಅನಂತರ ನಾಲ್ಕು ಪಟ್ಟು ಎಂಬ ನಿಯಮವಿದೆ. ಆದರೆ ಅದು ರಾಜ್ಯಗಳಿಗೆ ನೀಡಿದ ಮಾದರಿ ಮಾತ್ರ. ಸ್ಥಳೀಯ ಪ್ರಾಧಿಕಾರದ ಕಟ್ಟಡಗಳನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಅದನ್ನು ಉಲ್ಲೇಖಿಸಿ ಪಂಚಾಯಿತಿಯ ಬೇಡಿಕೆ ನೋಟಿಸು ಬರೆಯುವುದು ಸರಿಯಲ್ಲ.

3. ಒಂದು ಲೆಕ್ಕ

ತಿಳಿವಳಿಕೆಗಾಗಿ ಒಂದು ಉದಾಹರಣೆ. ಮಳಿಗೆಯ ಬಾಡಿಗೆ ತಿಂಗಳಿಗೆ ರೂ. 3,000; ಮುಂಗಡ ಠೇವಣಿ ರೂ. 15,000. ಕರಾರು ಮುಗಿದದ್ದು 31-3-2023. ಪಂಚಾಯಿತಿಯು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬಾಡಿಗೆ ಪಡೆದು ರಸೀದಿ ನೀಡಿದೆ. 15 ದಿನಗಳ ನೋಟಿಸು ಬಾಡಿಗೆದಾರರಿಗೆ ತಲುಪಿದ್ದು 15-9-2023. ಅದರ ಕಾಲ ಮುಗಿದದ್ದು 30-9-2023. ಬೀಗದ ಕೈ ಒಪ್ಪಿಸಿದ್ದು 20-1-2024. ಪಕ್ಕದ ಸಮಾನ ಮಳಿಗೆಗೆ ಹರಾಜಿನಲ್ಲಿ ಬಂದ ದರ ರೂ. 5,000.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಮ್ಮತಿಯ ಅವಧಿ. 6 ತಿಂಗಳಿಗೆ ರೂ. 18,000ದಲ್ಲಿ ರೂ. 15,000 ಪಾವತಿಯಾಗಿದೆ, ಸೆಪ್ಟೆಂಬರಿನ ರೂ. 3,000 ಬಾಕಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 3 ತಿಂಗಳ ನಷ್ಟಭರ್ತಿ ರೂ. 15,000. ಜನವರಿಯ 20 ದಿನಗಳಿಗೆ 5,000ವನ್ನು 31ರಿಂದ ಭಾಗಿಸಿ 20ರಿಂದ ಗುಣಿಸಿದರೆ ರೂ. 3,226. ಒಟ್ಟು ರೂ. 21,226. ಠೇವಣಿ ಕಳೆದರೆ ಉಳಿಯುವ ಬಾಕಿ ರೂ. 6,226. ಬಡ್ಡಿ, ವಿದ್ಯುತ್ ಬಿಲ್ಲುಗಳನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕು.

ಇದೇ ಲೆಕ್ಕವನ್ನು ಕೊನೆಯವರೆಗೂ ಹಳೆಯ ದರದಲ್ಲಿಯೇ ಹಾಕಿದ್ದರೆ ಪಂಚಾಯಿತಿಗೆ ರೂ. 7,291 ಕಡಿಮೆ ಬರುತ್ತಿತ್ತು. ಕರಾರು ಮುಗಿದ ಏಪ್ರಿಲ್‌ನಿಂದಲೇ ಹೊಸ ದರ ಹಾಕಿದ್ದರೆ, ರಸೀದಿ ಕೊಟ್ಟು ಒಪ್ಪಿಕೊಂಡ ಕಾಲಕ್ಕೂ ಬಾಡಿಗೆದಾರರ ಮೇಲೆ ರೂ. 12,000ದ ಹೊರೆ ಬೀಳುತ್ತಿತ್ತು. ಎರಡೂ ತಪ್ಪು. ಪಂಚಾಯಿತಿಯೇ ಸುಮ್ಮನಿದ್ದು ಬಾಡಿಗೆ ಪಡೆದ ತಿಂಗಳುಗಳ ಹೊಣೆಯನ್ನು ವ್ಯಾಪಾರಿಯ ಮೇಲೆ ಹೊರಿಸಲಾಗದು.

4. ರಸೀದಿ ಮತ್ತು ಮಹಜರು

ಲೆಕ್ಕದ ಅಳಿವು ಉಳಿವು ಎರಡು ಕಾಗದಗಳ ಮೇಲೆ ನಿಂತಿದೆ. ನೋಟಿಸಿನ ಕಾಲ ಮುಗಿದ ಮೇಲೆ ಹಣ ಪಡೆದರೆ ರಸೀದಿಯಲ್ಲಿ ‘ಬಾಡಿಗೆ’ ಎಂದು ಬರೆಯಬಾರದು. ‘ಪಂಚಾಯಿತಿಯ ಹಕ್ಕುಗಳಿಗೆ ಬಾಧಕವಿಲ್ಲದೆ, ಅಧಿಭೋಗದ ನಷ್ಟಭರ್ತಿಯ ಬಾಬ್ತು’ ಎಂದು ಬರೆಯಬೇಕು. ಹಾಗೆಯೇ ಲೆಕ್ಕ ನಿಲ್ಲುವುದು ವ್ಯಾಪಾರ ನಿಂತ ದಿನವಲ್ಲ, ಸ್ವಾಧೀನ ಒಪ್ಪಿಸಿದ ದಿನ. ಬೀಗದ ಕೈ ಪಡೆದೊಡನೆ ಮಹಜರು ಮಾಡಿ ಇಬ್ಬರು ಸಾಕ್ಷಿಗಳ ಸಹಿ ಪಡೆಯಬೇಕು. ಬಾಡಿಗೆದಾರರು ಕೈ ಒಪ್ಪಿಸಲು ಬಂದಾಗ ‘ನಾಳೆ ಬನ್ನಿ’ ಎಂದು ಕಳುಹಿಸಿ ಆ ದಿನಗಳ ಹಣವನ್ನೂ ಕೇಳುವುದು ನ್ಯಾಯವಲ್ಲ.

5. ವಸೂಲಿಯ ದಾರಿ

ಪಂಚಾಯಿತಿಯು ತಾನೇ ಬೀಗ ಜಡಿಯುವುದಾಗಲಿ ವಿದ್ಯುತ್ ಕಡಿತಗೊಳಿಸುವುದಾಗಲಿ ಕಾನೂನಿನ ದಾರಿಯಲ್ಲ. ಕರ್ನಾಟಕ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರ ಹೊರಹಾಕುವಿಕೆ) ಅಧಿನಿಯಮ, 1974ರಂತೆ ಸಕ್ಷಮ ಅಧಿಕಾರಿಯ ಮುಂದೆ ಪ್ರಕರಣ ಹೂಡಬೇಕು. ಬಾಡಿಗೆದಾರರಿಗೆ ಕಾರಣ ಕೇಳುವ ನೋಟಿಸು ನೀಡಿ, ಅಹವಾಲು ಆಲಿಸಿದ ಬಳಿಕ ತೆರವು ಹಾಗೂ ನಷ್ಟಭರ್ತಿಯ ಆದೇಶವಾಗುತ್ತದೆ.

ವಿಳಂಬಕ್ಕೆ ಬೆಲೆಯಿದೆ. ಕಾಲಪರಿಮಿತಿ ಅಧಿನಿಯಮ, 1963ರಂತೆ ಬಾಡಿಗೆ ಬಾಕಿಗೂ ಇಂತಹ ನಷ್ಟಭರ್ತಿಗೂ 3 ವರ್ಷಗಳ ಮಿತಿ. ಕಾಲಮಿತಿ ಮೀರಿದ ಬಾಕಿಯನ್ನು ಸಾರ್ವಜನಿಕ ಆವರಣಗಳ ಕೇಂದ್ರ ಕಾನೂನಿನ ಮೂಲಕವೂ ವಸೂಲು ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1976ರ ಕಾಲೂರಾಮ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಕಡತ ಕಪಾಟಿನಲ್ಲಿ ಮಲಗಿದಷ್ಟು ಕಾಲ, ತಿಂಗಳಿಗೊಂದರಂತೆ ಹಳೆಯ ಬಾಕಿ ಕೈತಪ್ಪುತ್ತದೆ.

ಆದುದರಿಂದ ಪ್ರತಿಯೊಂದು ಪಂಚಾಯಿತಿಯೂ ಮಳಿಗೆವಾರು ವಹಿಯನ್ನು ಇಟ್ಟು, ಕರಾರು ಮುಗಿಯುವ 3 ತಿಂಗಳ ಮೊದಲೇ ವಿಷಯವನ್ನು ಸಾಮಾನ್ಯ ಸಭೆಯ ಮುಂದಿಡುವುದು ಒಳ್ಳೆಯದು. ನವೀಕರಣವೋ ಮರುಹರಾಜೋ ಎಂಬುದು ಅಲ್ಲಿ ತೀರ್ಮಾನವಾದರೆ ಮೂರನೆಯ ಅವಧಿಯೇ ಹುಟ್ಟದು. ಹರಾಜಿಗಾಗಿ ಕಾದಿರುವ ಸ್ವಸಹಾಯ ಸಂಘದ ಮಹಿಳೆಯರಿಗೂ ನಿರುದ್ಯೋಗಿ ಯುವಕರಿಗೂ ಮಳಿಗೆ ಸಕಾಲದಲ್ಲಿ ದೊರೆಯುತ್ತದೆ. ಬಿಟ್ಟುಹೋಗುವ ವ್ಯಾಪಾರಿಗೂ ತನ್ನ ಠೇವಣಿಯ ಲೆಕ್ಕ ಸ್ಪಷ್ಟವಾಗಿ ಕೈಸೇರುತ್ತದೆ.