ಎಣಿಕೆಗೆ ಸಿಗದ ಕೆಲಸ



ಇಲ್ಲಿ ಕುಳಿತಿರುವ ಅನೇಕರ ಮನೆಯಲ್ಲಿ ಮಗನೋ ಸೊಸೆಯೋ ಸಾಫ್ಟ್‌ವೇರ್ ಕೆಲಸದಲ್ಲಿರುತ್ತಾರೆ. ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಚ್ಚಿರುವುದಿಲ್ಲ. ಅಷ್ಟು ಹೊತ್ತು ಏನು ಮಾಡುತ್ತಾರೆ ಎಂದು ನೀವು ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಉತ್ತರ ಕೊಡಲು ಅವರಿಗೆ ಮನಸ್ಸಿಲ್ಲ ಎಂದಲ್ಲ. ಈ ಕೆಲಸದ ಮುಖ್ಯ ಭಾಗ ಹೊರಗೆ ಕಾಣುವಂಥದ್ದೇ ಅಲ್ಲ. ಕಾಣದ ಕೆಲಸವನ್ನು ಅಳೆಯುವುದು ಹೇಗೆ, ಅದರಲ್ಲಿ ಮನುಷ್ಯ ಬೆಳೆಯುವುದು ಹೇಗೆ ಎಂಬುದರ ಬಗ್ಗೆ ಇವತ್ತು ಮಾತಾಡಬೇಕು ಎಂದುಕೊಂಡಿದ್ದೇನೆ.

1982ರ ಒಂದು ಪ್ರಸಂಗ ನಮ್ಮ ವೃತ್ತಿಯಲ್ಲಿ ಪ್ರಸಿದ್ಧ. ಆ್ಯಪಲ್ ಕಂಪನಿಯಲ್ಲಿ ಲೀಸಾ ಎಂಬ ಕಂಪ್ಯೂಟರ್ ತಯಾರಾಗುತ್ತಿತ್ತು. ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಎಂದು ಪ್ರತಿಯೊಬ್ಬ ಎಂಜಿನಿಯರೂ ಫಾರಂ ತುಂಬಬೇಕೆಂದು ಮ್ಯಾನೇಜರುಗಳು ನಿಯಮ ಮಾಡಿದರು. ಪರದೆಯ ಮೇಲೆ ಚಿತ್ರ ಮೂಡಿಸುವ ಕ್ವಿಕ್‌ಡ್ರಾ ತಂತ್ರಾಂಶವನ್ನು ಬರೆಯುತ್ತಿದ್ದವರು ಬಿಲ್ ಆಟ್ಕಿನ್‌ಸನ್. ಆ ವಾರ ಅವರು ಅದರ ಒಂದು ಭಾಗವನ್ನು ಬುಡದಿಂದ ಯೋಚಿಸಿ ಬರೆದು ಸುಮಾರು ಆರು ಪಟ್ಟು ವೇಗ ತಂದಿದ್ದರು. ಹೊಸ ಕೋಡ್ ಹಳೆಯದಕ್ಕಿಂತ ಎರಡು ಸಾವಿರ ಸಾಲು ಚಿಕ್ಕದಾಗಿತ್ತು. ಫಾರಂನಲ್ಲಿ ಅವರು ಮೈನಸ್ 2000 ಎಂದು ಬರೆದರು. ಕೆಲವು ವಾರಗಳ ನಂತರ ಅವರಿಂದ ಫಾರಂ ಕೇಳುವುದನ್ನೇ ಬಿಟ್ಟರಂತೆ.

ಇಂದು ಸಾಲು ಎಣಿಸುವವರು ಕಡಿಮೆ. ಅದರ ಬದಲು ಟಿಕೆಟ್ ಎಣಿಸುತ್ತೇವೆ. ಒಂದೊಂದು ಕೆಲಸಕ್ಕೂ ಒಂದು ಟಿಕೆಟ್; ಮುಗಿಸಿದ್ದೆಷ್ಟು ಎಂಬುದು ಡ್ಯಾಶ್‌ಬೋರ್ಡಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾನು ಹಿಂದೆ ಇದ್ದ ತಂಡವೊಂದರಲ್ಲಿ, ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರದ ಒಬ್ಬ ಹುಡುಗಿಗೆ ಒಂದು ಟಿಕೆಟ್ ಬಂತು. ನಮ್ಮ ದಿನದ ವಹಿವಾಟಿನ ಮೊತ್ತಕ್ಕೂ ಬ್ಯಾಂಕಿನ ದಿನದ ಮೊತ್ತಕ್ಕೂ ತಾಳೆಯಾಗುತ್ತಿಲ್ಲ ಎಂಬ ದೂರು. ವ್ಯತ್ಯಾಸ ಚಿಕ್ಕದು, ಅದಕ್ಕೇ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಆಕೆ ತಾಳೆಯಾಗದ ವಹಿವಾಟುಗಳನ್ನೆಲ್ಲ ತೆಗೆದು, ನಡೆದ ಗಂಟೆಯ ಪ್ರಕಾರ ಜೋಡಿಸಿ ನೋಡಿದಳು. ಎಲ್ಲವೂ ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗಿನವು. 5 ಗಂಟೆ 30 ನಿಮಿಷದ ಆಚೆಗೆ ಒಂದೂ ಇಲ್ಲ.

ಇಲ್ಲಿ ಭೂಗೋಳ ಪಾಠ ಮಾಡಿದ ಮೇಷ್ಟ್ರುಗಳಿದ್ದರೆ ಅವರಿಗೆ ಆಗಲೇ ಹೊಳೆದಿರುತ್ತದೆ. ನಮ್ಮ ಸರ್ವರ್ ನಡೆಯುತ್ತಿದ್ದುದು ಗ್ರೀನಿಚ್ ಸಮಯದಲ್ಲಿ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಹೊಸ ದಿನ ಶುರುವಾಗಿದ್ದರೂ ಸರ್ವರ್‌ಗೆ ಇನ್ನೂ ನಿನ್ನೆಯೇ. ತಿದ್ದಿದ್ದು ಒಂದೇ ಸಾಲು. ಅಷ್ಟಕ್ಕೆ ಆಕೆ ನಿಲ್ಲಲಿಲ್ಲ. ದಿನಾಂಕ ಎಂದರೆ ಎಲ್ಲೆಲ್ಲೂ ಒಂದೇ ದಿನಾಂಕ ಎಂಬ ನಂಬಿಕೆ ಇನ್ನೆಲ್ಲಿ ಅಡಗಿದೆ ಎಂದು ಉಳಿದ ಪ್ರೋಗ್ರಾಮುಗಳನ್ನೂ ಓದುತ್ತಾ ಹೋದಳು. ಬಡ್ಡಿ ಲೆಕ್ಕ ಹಾಕುವ ಕಡೆಯೂ ಅದು ಸಿಕ್ಕಿತು. ಅಲ್ಲಿ ಇನ್ನೂ ಯಾರಿಗೂ ನಷ್ಟವಾಗಿರಲಿಲ್ಲ, ಯಾರೂ ದೂರು ಕೊಟ್ಟಿರಲಿಲ್ಲ. ಆ ವಾರ ಡ್ಯಾಶ್‌ಬೋರ್ಡಿನಲ್ಲಿ ಆಕೆಯ ಹೆಸರಿನ ಮುಂದೆ ಇದ್ದ ಅಂಕಿ: ಒಂದು. ಅಪ್ರೈಸಲ್‌ನಲ್ಲಿ ‘ವೇಗ ಹೆಚ್ಚಿಸಿಕೊಳ್ಳಬೇಕು’ ಎಂಬ ಷರಾ ಬಂತು. ಆ ಷರಾ ಅನ್ಯಾಯ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಎಣಿಕೆಗೆ ಸಿಗದ ಇಂಥ ಕೆಲಸಕ್ಕೆ ನಮ್ಮ ನಾಡಿನದೇ ದೊಡ್ಡ ಉದಾಹರಣೆ ಇದೆ. ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರು ಒತ್ತಕ್ಷರ ಬೇಕಾದಾಗ ಎಫ್ ಕೀಲಿ ಒತ್ತುತ್ತೀರಿ. ‘ಅಕ್ಕ’ನಿಗೆ ಅ, ಕ, ಎಫ್, ಮತ್ತೆ ಕ. ಕಾಗುಣಿತಕ್ಕೆ ಬೇರೆ ಬೇರೆ ಆಕಾರಗಳನ್ನು ಹುಡುಕಬೇಕಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ಒತ್ತುತ್ತಾ ಹೋದರೆ ಅಕ್ಷರದ ರೂಪವನ್ನು ಯಂತ್ರ ಕಟ್ಟಿಕೊಳ್ಳುತ್ತದೆ. ಈ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು, ನಮಗೆಲ್ಲ ಪರಿಚಿತರಾದ ಕೆ.ಪಿ. ರಾವ್. ಕನ್ನಡ ಲಿಪಿಯ ಒಳಗಿನ ನಿಯಮವನ್ನು ಅವರು ಅಷ್ಟು ಆಳವಾಗಿ ಅರಿತಿದ್ದರಿಂದಲೇ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿ ಇಡೀ ಕನ್ನಡ ಹಿಡಿಯಿತು. ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ಆ ಯೋಚನೆ ನಡೆದ ದಿನಗಳಲ್ಲಿ ಯಾರಾದರೂ ಅವರ ಕೈಯಲ್ಲಿ ಟಿಕೆಟ್ ಲೆಕ್ಕ ಬರೆಸಿದ್ದರೆ ಏನು ಬರೆಯಬೇಕಿತ್ತು?

ಇನ್ನು ಸ್ವಂತ ಬೆಳವಣಿಗೆಯ ಮಾತು. ಬೆಳಗ್ಗೆ ಐದಕ್ಕೆ ಏಳುವುದು, ಇಪ್ಪತ್ತೈದು ನಿಮಿಷಕ್ಕೆ ಗಡಿಯಾರ ಇಟ್ಟುಕೊಂಡು ಕೆಲಸ ಮಾಡುವುದು, ಇವೆಲ್ಲ ಒಳ್ಳೆಯವೇ. ಆದರೆ ಇವು ಕೂರುವುದನ್ನು ಕಲಿಸುತ್ತವೆ, ಕೂತು ಏನನ್ನು ನೋಡಬೇಕು ಎಂಬುದನ್ನಲ್ಲ. ಅದನ್ನು ನಾನು ಕಲಿತದ್ದು ಡೊನಾಲ್ಡ್ ಕನೂತ್ ಅವರಿಂದ. ಸ್ಟ್ಯಾನ್‌ಫರ್ಡಿನ ಈ ಪ್ರಾಧ್ಯಾಪಕರು 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ, ಅಕ್ಷರಗಳ ಅಂದಗೇಡಿತನಕ್ಕೆ ನೊಂದು, ತಾವೇ ಅಚ್ಚುಜೋಡಣೆಯ ತಂತ್ರಾಂಶ ಬರೆಯಲು ಕುಳಿತರು. ಅದೇ ‘ಟೆಕ್’. ಗಣಿತದ ಪ್ರಬಂಧಗಳು ಜಗತ್ತಿನಾದ್ಯಂತ ಇಂದಿಗೂ ಹೆಚ್ಚಾಗಿ ಅದರಲ್ಲೇ ಅಚ್ಚಾಗುತ್ತವೆ. ಆ ಪ್ರೋಗ್ರಾಮಿನಲ್ಲಿ ಕಂಡ ಪ್ರತಿಯೊಂದು ತಪ್ಪನ್ನೂ ಅವರು ಮೊದಲಿನಿಂದ ಬರೆದಿಟ್ಟುಕೊಂಡರು. 1989ರಲ್ಲಿ ಆ ತಪ್ಪುಗಳ ಬಗ್ಗೆಯೇ ಪ್ರಬಂಧ ಪ್ರಕಟಿಸಿದರು. ಎಂಟುನೂರ ಐವತ್ತಕ್ಕೂ ಹೆಚ್ಚು ತಪ್ಪುಗಳು, ಹದಿನೈದು ಬಗೆ. ಬೆರಳು ಜಾರಿದ್ದಕ್ಕೆ ಒಂದು ಬಗೆ, ಮರೆತದ್ದಕ್ಕೆ ಇನ್ನೊಂದು. ಎಲ್ಲಕ್ಕಿಂತ ಕಠಿಣವಾದವು, ಪ್ರೋಗ್ರಾಮಿನ ಬೇರೆ ಬೇರೆ ಭಾಗಗಳು ಸೇರಿ ಯಾರೂ ಊಹಿಸದ ಸನ್ನಿವೇಶ ತಂದೊಡ್ಡಿ ಮೂಲ ಕಲ್ಪನೆಯನ್ನೇ ಬದಲಿಸಬೇಕಾಗಿ ಬಂದವು. ಅಷ್ಟು ದೊಡ್ಡ ವಿದ್ವಾಂಸ ತನ್ನ ತಪ್ಪುಗಳನ್ನು ಹೀಗೆ ವಿಂಗಡಿಸಿ ಎಲ್ಲರ ಮುಂದಿಟ್ಟದ್ದು ನನ್ನಲ್ಲಿ ಬಹಳ ಗೌರವ ಹುಟ್ಟಿಸಿದ ಸಂಗತಿ.

ಹೊಸಬರಿಗೆ ನಾನು ಹೇಳುವುದು ಇದರಿಂದಲೇ ಬಂದದ್ದು. ಒಂದು ನೋಟ್‌ಬುಕ್ ಇಡಿ. ಬಗ್, ಅಂದರೆ ಪ್ರೋಗ್ರಾಮಿನ ತಪ್ಪು, ಸಿಕ್ಕಾಗ, ನಾವು ಏನೆಂದು ನಂಬಿದ್ದೆವು, ನಿಜವಾಗಿ ಏನಿತ್ತು, ಆ ನಂಬಿಕೆ ಎಲ್ಲಿಂದ ಬಂತು, ಇಷ್ಟನ್ನು ಬರೆಯಿರಿ. ಮೂರನೆಯದನ್ನು ಬರೆಯಲು ಹೊತ್ತು ಹಿಡಿಯುತ್ತದೆ, ಕಲಿಕೆ ಇರುವುದೂ ಅಲ್ಲೇ. ಈಗ ಕೋಡನ್ನು ಎಐ ಕ್ಷಣದಲ್ಲಿ ಪುಟಗಟ್ಟಲೆ ಬರೆದುಕೊಡುತ್ತದೆ. ಅದನ್ನು ನಾನೂ ಬಳಸುತ್ತೇನೆ, ಸಂತೋಷದಿಂದಲೇ. ಆದರೆ ಅದು ಬರೆದದ್ದನ್ನು ಓದಿ, ಇದು ಯಾವ ಊರಿನ ಮಧ್ಯರಾತ್ರಿ ಎಂದು ಕೇಳುವವರು ಬೇಕು. ಬರೆಯುವುದು ಸುಲಭವಾದಷ್ಟೂ ಓದುವ ಹೊತ್ತು ಹೆಚ್ಚಬೇಕು. ಕಚೇರಿಗಳಲ್ಲಿ ಆಗುತ್ತಿರುವುದು ತಿರುಗುಮುರುಗು.

ತಂಡ ನಡೆಸುವ ಕೆಲವರು ಈ ಸಭೆಯಲ್ಲಿದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಈ ಸಲದ ಅಪ್ರೈಸಲ್‌ಗೆ ಕುಳಿತಾಗ ಡ್ಯಾಶ್‌ಬೋರ್ಡ್ ತೆರೆಯುವ ಮೊದಲು, ಈ ವರ್ಷ ನಿಮಗೆ ಯಾವುದು ಹೊಸದಾಗಿ ಅರ್ಥವಾಯಿತು ಎಂದು ಎದುರಿಗಿರುವವರನ್ನು ಕೇಳಿ. ಉತ್ತರ ತಡವರಿಸುತ್ತಾ ಬರುತ್ತದೆ, ಅದಕ್ಕೆ ಅರ್ಧ ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ.